ಧೈರ್ಯ ತಗೋರಿ

ಬೇನೆ ಬಿದ್ದವರನ್ನು ಮಾತಾಡಿಸಿಕೊಂಡು ಬರುವುದು ನಮ್ಮ ಕಡೆಗೆ ಮದುವೆ-ಮುಂಜಿವೆಗೆ ಹೋಗಿಬರುವಷ್ಟೇ ದೊಡ್ಡ ಕರ್ತವ್ಯ. ಹೋಗದೆ ಉಳಿದರೆ ಮಾತು ವರ್ಷಗಟ್ಟಲೆ ನಿಲ್ಲುತ್ತದೆ. ಹೋಗುವವರು ಬರಿಗೈಯಿಂದ ಹೋಗುವುದೂ ಇಲ್ಲ. ಅರ್ಧ ಡಜನ್ ಬಾಳೆಹಣ್ಣು, ಎರಡು ಎಳೆನೀರು, ಒಂದು ಬಿಸ್ಕೀಟಿನ ಪುಡಿಕೆ—ಇಷ್ಟಾದರೂ ಕೈಯಲ್ಲಿರಬೇಕು. ಇವುಗಳ ಸಂಗಡ ತೂಕವಿಲ್ಲದ, ದುಡ್ಡು ಬೀಳದ ಇನ್ನೊಂದು ವಸ್ತುವನ್ನೂ ಒಯ್ಯುತ್ತೇವೆ. ಅದೇ ಧೈರ್ಯ. "ಧೈರ್ಯ ತಗೋರಿ, ಎಲ್ಲಾ ಚಲೋ ಆಗ್ತೈತಿ" ಎಂದು ಹೇಳಿ, ಕೊಟ್ಟ ಚಹ ಕುಡಿದು, ಬಸ್ಸಿನ ವೇಳೆ ನೋಡಿಕೊಂಡು ಎದ್ದುಬಿಟ್ಟರೆ ಕರ್ತವ್ಯ ಮುಗಿಯಿತು.

ಜ್ವರ ಬಂದವರಿಗೆ, ಕಾಲು ಮುರಿದವರಿಗೆ ಈ ಧೈರ್ಯದಿಂದ ತೊಂದರೆಯೇನೂ ಇಲ್ಲ. ಹತ್ತು ದಿನಕ್ಕೆ ಜ್ವರ ಬಿಡುತ್ತದೆ, ಕೆಲವು ವಾರಕ್ಕೆ ಎಲುಬು ಕೂಡುತ್ತದೆ, ಹೇಳಿದವರ ಮಾತೂ ನಿಜವಾಗುತ್ತದೆ. ಆದರೆ ಕ್ಯಾನ್ಸರಿನ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುವಂಥದು. ಅದರ ನಡುದಾರಿಯಲ್ಲಿ ಮನುಷ್ಯನ ಮನಸ್ಸು ಕುಸಿದು ಕೂಡುವುದುಂಟು. ಹಾಗೆ ಕುಸಿದವರಿಗೆ ಧೈರ್ಯ ತಗೋ ಎನ್ನುವುದು ಕಾಲು ಮುರಿದವನಿಗೆ ಎದ್ದು ನಡೆ ಎಂದಂತೆಯೇ ಸರಿ. ಇದು ನನಗೆ ತಿಳಿದದ್ದು ನಮ್ಮ ಅಕ್ಕನ ಬೇನೆಯಲ್ಲಿ.

ಅಕ್ಕ ಇಳಕಲ್ಲಿನವಳು, ನೇಕಾರರ ಮನೆಗೆ ಕೊಟ್ಟ ಹೆಣ್ಣು. ಇಳಕಲ್ಲ ಸೀರೆಯನ್ನು ಬಲ್ಲವರಿಗೆ ಅದರ ಕೊಂಡಿಯ ಕೆಲಸವೂ ಗೊತ್ತಿರುತ್ತದೆ. ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದರ ಎಳೆಗಳನ್ನು ಇನ್ನೊಂದರ ಎಳೆಗಳಲ್ಲಿ ಕುಣಿಕೆ ಕುಣಿಕೆಯಾಗಿ ಸಿಕ್ಕಿಸಿ ಎರಡನ್ನೂ ಕೂಡಿಸಬೇಕು. ಕಣ್ಣು ಚುರುಕಾಗಿರಬೇಕು, ಬೆರಳು ಅದಕ್ಕಿಂತ ಚುರುಕಾಗಿರಬೇಕು. ಗಂಡ ತೀರಿಕೊಂಡ ಮೇಲೆಯೂ ಅಕ್ಕ ಈ ಕೆಲಸವನ್ನು ಬಿಡಲಿಲ್ಲ. ಕೊಂಡಿ ಹಾಕುತ್ತ, ಕಂಡಿಕೆ ಸುತ್ತುತ್ತ ಇಬ್ಬರು ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದಳು. ಕುಳಿತು ಮಾಡುವ ಕೆಲಸಕ್ಕೆ ಬಾಯಿಗೊಂದು ಜೊತೆ ಬೇಕಲ್ಲವೆ? ಎಲೆಅಡಿಕೆ, ಅದರೊಡನೆ ಒಂದು ಚಿಟಿಕೆ ತಂಬಾಕು. ಮೂವತ್ತು ವರ್ಷ ಅದು ಅವಳ ಎಡಗಲ್ಲದಲ್ಲಿ ಕುಳಿತಿತ್ತು. ಅದೇ ಗಲ್ಲದಲ್ಲಿ ಒಂದು ಹುಣ್ಣು ಎದ್ದಿತು, ಮಾಯಲಿಲ್ಲ. ತಪಾಸಣೆಯಾಗಿ ಅದು ಕ್ಯಾನ್ಸರ್ ಎಂದು ಗೊತ್ತಾಯಿತು.

ದೊಡ್ಡ ಊರಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ವಿಕಿರಣ ಚಿಕಿತ್ಸೆ: ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಮ್ಮೆ, ಹೀಗೆ ಆರು ವಾರ, ಒಟ್ಟು 30 ಸಲ. ಪ್ರತಿ ಸಲವೂ ಮುಖಕ್ಕೆ ಜಾಳಿಗೆಯಂಥ ಒಂದು ಮುಖವಾಡವನ್ನು ಬಿಗಿದು, ತಲೆ ಅಲುಗದಂತೆ ಹಲಗೆಗೆ ಕೂಡಿಸಿ, ಯಂತ್ರದ ಕೆಳಗೆ ಮಲಗಿಸುತ್ತಾರೆ. ಕೆಲವೇ ನಿಮಿಷದ ಕೆಲಸ, ಆ ಹೊತ್ತಿನಲ್ಲಿ ನೋವೂ ಇಲ್ಲ. ಆಸ್ಪತ್ರೆಯ ಹತ್ತಿರ ಒಂದು ಬಾಡಿಗೆ ಕೋಣೆ ಹಿಡಿದು ಅಕ್ಕನೂ ನಾನೂ ಇದ್ದೆವು. ಶುಕ್ರವಾರ ಸಂಜೆ ರೈಲು ಹತ್ತಿ ಬಾಗಲಕೋಟೆಯ ನಮ್ಮ ಮನೆಗೆ ಬಂದು, ಭಾನುವಾರ ಮತ್ತೆ ಹೊರಡುತ್ತಿದ್ದೆವು.

ಸೋಜಿಗದ ಮಾತೆಂದರೆ, ರೋಗದ ಹೆಸರು ಕೇಳಿದ ದಿನ ಅಕ್ಕ ಎದೆಗೆಡಲಿಲ್ಲ. ಶಸ್ತ್ರಚಿಕಿತ್ಸೆಯ ದಿನವೂ ಎದೆಗೆಡಲಿಲ್ಲ. ಮನಸ್ಸು ಕೆಟ್ಟದ್ದು ವಿಕಿರಣದ ಮೂರನೆಯ ವಾರಕ್ಕೆ, ವೈದ್ಯರು "ಎಲ್ಲವೂ ಸರಿಯಾಗಿ ನಡೆದಿದೆ" ಎನ್ನುತ್ತಿದ್ದಾಗ. ಆ ಹೊತ್ತಿಗೆ ಬಾಯಿಯ ಒಳಗೆಲ್ಲ ಹುಣ್ಣಾಗಿತ್ತು. ಜೊಲ್ಲು ಬತ್ತಿತ್ತು. ಉಪ್ಪು-ಸಿಹಿಗಳ ರುಚಿ ಹೋಗಿತ್ತು. ಹುನಗುಂದದ ದಾರಿಯಿಂದ ಮಾತಾಡಿಸಲು ಬಂದ ನೆಂಟರೊಬ್ಬರು ಅಮೀನಗಡದ ಕರದಂಟು ತಂದಿದ್ದರು. ಅದರ ಕಟ್ಟನ್ನು ಸಹ ಆಕೆ ಬಿಚ್ಚಲಿಲ್ಲ. ಬಾಯಿಗೆ ಆಗದ್ದಕ್ಕೆ ಬಿಚ್ಚಲಿಲ್ಲ ಎಂದುಕೊಳ್ಳಬಹುದಾಗಿತ್ತು. ಆದರೆ ಸಂಗತಿಗಳು ಒಂದಾದ ಮೇಲೆ ಒಂದು ಬಂದವು.

ಅದು ಬನದ ಹುಣ್ಣಿಮೆಯ ಸುಮಾರು. ಬನಶಂಕರಿಯ ಜಾತ್ರೆ ಎಂದರೆ ಅಕ್ಕನಿಗೆ ತೇರಿಗಿಂತ ಹೆಚ್ಚಾಗಿ ಕಂಪನಿ ನಾಟಕ. ಈ ವರ್ಷ ಯಾವ ಯಾವ ಕಂಪನಿ ಬಂದಿದೆ, ಯಾರು ಹಾಸ್ಯದ ಪಾತ್ರ ಮಾಡುತ್ತಾರೆ ಎಂಬುದನ್ನೆಲ್ಲ ಅವಳು ಇಳಕಲ್ಲಿನಲ್ಲಿ ಕುಳಿತೇ ಬಲ್ಲಳು. ನಮ್ಮ ರೈಲು ಬಾದಾಮಿಯಲ್ಲಿ ನಿಂತಿತು. ಜಾತ್ರೆಯ ಮಂದಿ ಗದ್ದಲವೆಬ್ಬಿಸಿ ಇಳಿಯಿತು. ಡಬ್ಬಿಯ ತುಂಬ ನಾಟಕದ್ದೇ ಮಾತು. ಅಕ್ಕ ಕಿಟಕಿಯ ಪಕ್ಕದಲ್ಲೇ ಇದ್ದಳು. ತಲೆಯೆತ್ತಿ ಹೊರಗೆ ನೋಡಲಿಲ್ಲ. ಅದೇ ವಾರ ನೆರೆಮನೆಯಾಕೆ ಹೊಸ ಸೀರೆಯನ್ನು ತಂದು, "ಅಕ್ಕಾರ, ಕೊಂಡಿ ಹ್ಯಾಂಗ ಕೂತೈತಿ ನೋಡ್ರಿ" ಎಂದಳು. ಅಕ್ಕ ಸೆರಗನ್ನು ಕೈಯಿಂದಲೂ ಮುಟ್ಟಲಿಲ್ಲ. ರಾತ್ರಿ ಮೂರಕ್ಕೆ ಎಚ್ಚರಾದರೆ ಬೆಳಗಿನವರೆಗೆ ಗೋಡೆ ನೋಡುತ್ತ ಕೂಡುವಳು.

"ಅತ್ತರ ಹಗುರಾಗ್ತೈತಿ ಅಕ್ಕಾ" ಎಂದೆ ಒಮ್ಮೆ.

"ಅಳು ಬರಂಗಿಲ್ಲ ತಮ್ಮಾ. ಅಳಾಕೂ ಮನಸ ಬೇಕಲ್ಲ" ಎಂದಳು.

ದುಃಖಕ್ಕೂ ಖಿನ್ನತೆಗೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಕಂಡಿಲ್ಲ. ದುಃಖ ಬಂದು ಹೋಗುತ್ತದೆ. ಮೊಮ್ಮಗನ ಮಾತಿಗೆ ನಡುವೆ ನಗೆಯೂ ಬರುತ್ತದೆ. ಖಿನ್ನತೆಯಲ್ಲಿ ಯಾವುದೂ ಬರುವುದಿಲ್ಲ. ಎರಡು ವಾರಕ್ಕೆ ಮೇಲ್ಪಟ್ಟು, ಹೆಚ್ಚುಕಡಿಮೆ ದಿನವಿಡೀ ಮನಸ್ಸು ಕುಗ್ಗಿಯೇ ಇದ್ದರೆ, ಇಲ್ಲವೆ ಮೊದಲು ಸೇರುತ್ತಿದ್ದದ್ದು ಯಾವುದೂ ಸೇರದಂತಾದರೆ, ಅದರೊಡನೆ ನಿದ್ರೆ ಕೆಟ್ಟು, ತಾನು ಯಾರಿಗೂ ಬೇಡವಾದವಳು ಎಂಬ ಭಾವನೆ ಗಟ್ಟಿಯಾದರೆ, ಅದನ್ನು ರೋಗವೆಂದೇ ವೈದ್ಯಶಾಸ್ತ್ರ ಎಣಿಸುತ್ತದೆ. ಹಸಿವು ಮತ್ತು ದಣಿವುಗಳ ಲೆಕ್ಕ ಕ್ಯಾನ್ಸರಿನವರಲ್ಲಿ ಸರಿಯಾಗಿ ಹತ್ತುವುದಿಲ್ಲ. ಅವನ್ನು ಚಿಕಿತ್ಸೆಯೇ ಕೆಡಿಸಿರುತ್ತದೆ. ಅದಕ್ಕೇ ಕರದಂಟಿಗಿಂತ ಜಾತ್ರೆಯ ನಾಟಕ ಹೆಚ್ಚಿನ ಸಾಕ್ಷಿ.

ಇದು ಅಪರೂಪದ್ದೂ ಅಲ್ಲ. 2011ರಲ್ಲಿ ಲ್ಯಾನ್ಸೆಟ್ ಸಂಸ್ಥೆಯ ಕ್ಯಾನ್ಸರ್ ಪತ್ರಿಕೆಯೊಂದು 94 ಅಧ್ಯಯನಗಳನ್ನು ಒಟ್ಟುಗೂಡಿಸಿದ ಲೇಖನವನ್ನು ಪ್ರಕಟಿಸಿತು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರ ಪೈಕಿ ಸುಮಾರು ಆರರಲ್ಲಿ ಒಬ್ಬರಿಗೆ ಖಿನ್ನತೆ ಇರುತ್ತದೆ ಎಂದು ಅದರ ಲೆಕ್ಕ. ಅಂದರೆ ಯಂತ್ರದ ಕೋಣೆಯ ಹೊರಗಿನ ಬೆಂಚಿನ ಮೇಲೆ ಪಾಳಿಗಾಗಿ ಕುಳಿತ ಆರು ಜನರಲ್ಲಿ ಒಬ್ಬರು ಎರಡು ಬೇನೆಗಳನ್ನು ಹೊತ್ತು ಕುಳಿತಿರುತ್ತಾರೆ. ಚೀಟಿಯಲ್ಲಿ ಮಾತ್ರ ಒಂದರ ಹೆಸರೇ ಇರುತ್ತದೆ.

ಇಂಥ ಹೊತ್ತಿನಲ್ಲಿ ಮಾತಾಡಿಸುವವರು ಬಂದರೆ ಅಕ್ಕ ಎದ್ದು ಕೂಡುವಳು, ಸೆರಗು ಸರಿ ಮಾಡಿಕೊಳ್ಳುವಳು, ನಗುವಳು. ಅವರು ಹೋದ ಮೇಲೆ ಮತ್ತೆ ಗೋಡೆಯ ಕಡೆಗೆ ಹೊರಳುವಳು. "ಬಂದವರೆಲ್ಲಾ ಧೈರ್ಯ ಕೊಟ್ಟು ಹೋಗ್ತಾರ. ಅದನ್ನ ಎಲ್ಲಿಡಲಿ ನಾ?" ಎಂದು ಕೇಳಿದಳು. ಬಂದವರಲ್ಲಿ ಒಬ್ಬರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, "ಮನಸ ಗಟ್ಟಿ ಇದ್ದವರ ಬ್ಯಾನಿ ಹೋಗ್ತೈತಿ, ಅಳುಬುರುಕರ ಬ್ಯಾನಿ ಬೆಳಿತೈತಿ" ಎಂದು ಸಿದ್ಧಾಂತವನ್ನೇ ಹೇಳಿದರು. ಅಂದಿನಿಂದ ಅಕ್ಕನಿಗೆ ಕುಗ್ಗಿದ ಮನಸ್ಸಿನ ಸಂಗಡ ಅದರ ಭಯವೂ ಹತ್ತಿತು. ನನ್ನ ಮನಸ್ಸು ಕುಗ್ಗಿದೆ, ಆದ್ದರಿಂದ ನಾನು ಉಳಿಯುವುದಿಲ್ಲ—ಇದು ಅವಳ ತರ್ಕ.

ಈ ಸಿದ್ಧಾಂತ ಜಗತ್ತಿನಲ್ಲೆಲ್ಲ ಇದೆ. ಬರೀ ನಮ್ಮ ಹುನಗುಂದ ಸೀಮೆಯದಲ್ಲ. ಅದನ್ನು ಪರೀಕ್ಷಿಸಿ ನೋಡಿದವರೂ ಇದ್ದಾರೆ. ಅಮೆರಿಕದಲ್ಲಿ ತಲೆ ಮತ್ತು ಕುತ್ತಿಗೆಯ ಭಾಗದ ಕ್ಯಾನ್ಸರ್ ಇದ್ದ, ಅಂದರೆ ಅಕ್ಕನದೇ ಜಾತಿಯ ಬೇನೆಯ, 1,093 ರೋಗಿಗಳನ್ನು ಗಮನಿಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಚಿಕಿತ್ಸೆಯ ಆರಂಭದಲ್ಲಿ ಮನಸ್ಸು ಚೆನ್ನಾಗಿದ್ದವರು ಹೆಚ್ಚು ಕಾಲ ಬದುಕಿದರು, ಕುಗ್ಗಿದವರು ಬೇಗ ಹೋದರು ಎಂಬ ಸಂಬಂಧವೇ ಅಲ್ಲಿ ಕಾಣಲಿಲ್ಲ. ನ್ಯೂಯಾರ್ಕಿನ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯಾದ ಮೆಮೋರಿಯಲ್ ಸ್ಲೋನ್ ಕೆಟರಿಂಗಿನಲ್ಲಿ 1977ರಲ್ಲಿ ರೋಗಿಗಳ ಮನಸ್ಸಿಗಾಗಿಯೇ ಒಂದು ವಿಭಾಗವನ್ನು ಕಟ್ಟಿದ ಜಿಮಿ ಹಾಲಂಡ್ ಎಂಬ ವೈದ್ಯೆ, ಸದಾ ಉತ್ಸಾಹದಿಂದಿರಬೇಕೆಂಬ ಈ ಒತ್ತಾಯವನ್ನು ಒಂದು ದಬ್ಬಾಳಿಕೆ ಎಂದೇ ಕರೆದರು. ಅಳುವವರು ಅಳಬಹುದು, ಕಣ್ಣೀರಿನಿಂದ ಗಡ್ಡೆ ಬೆಳೆಯುವುದಿಲ್ಲ. ಹಾಗಾದರೆ ಖಿನ್ನತೆಗೆ ಔಷಧವೇಕೆ? ಅದು ತಾನಾಗಿಯೇ ಒಂದು ನರಳಾಟ, ಅದಕ್ಕೆ. ನೋವಿಗೆ ಔಷಧ ಕೊಡುವಾಗ ಇದರಿಂದ ಆಯುಷ್ಯ ಹೆಚ್ಚೀತೇ ಎಂದು ಯಾರೂ ಕೇಳುವುದಿಲ್ಲವಷ್ಟೆ.

ಅಕ್ಕನ ಎದೆಯಲ್ಲಿ ಇನ್ನೂ ಒಂದು ಮುಳ್ಳಿತ್ತು. "ನನ್ನ ಕೈಲೆ ನಾನ ತಂದಕೊಂಡದ್ದು. ಯಾರನ್ನ ಬೈಯಲಿ?" ಎನ್ನುವಳು. ಇಳಕಲ್ಲಿನಲ್ಲಿ ಇದ್ದವಳು ಅಕ್ಕ. ಅಲ್ಲಿಯ ವಿಜಯ ಮಹಾಂತೇಶ ಮಠದ ಮಹಾಂತ ಸ್ವಾಮಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿ, ಕಾಳು ಬೇಡ, ಕಾಸು ಬೇಡ, ನಿಮ್ಮ ದುಶ್ಚಟಗಳನ್ನು ಈ ಜೋಳಿಗೆಗೆ ಹಾಕಿರಿ ಎಂದು ಬೇಡಿದವರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸುತ್ತಾರೆ. "ಅಜ್ಜಾರ ಜೋಳಿಗಿ ನಮ್ಮ ಓಣಿಗೆ ಬಂದಾಗ ನಾ ಹಾಕಲಿಲ್ಲ" ಎಂಬುದು ಅಕ್ಕನ ಕೊರಗು. ತಂಬಾಕಿನಿಂದ ಬಾಯಿಯ ಕ್ಯಾನ್ಸರ್ ಬರುತ್ತದೆಂಬುದು ಸತ್ಯ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಜೋಳಿಗೆ ಹಿಡಿದು ಬಂದವರು ಶಿಕ್ಷೆ ಕೊಡಲು ಬಂದಿರಲಿಲ್ಲ, ಭಾರ ಇಳಿಸಿಕೊಳ್ಳಲು ಬಂದಿದ್ದರು. ಚಟವನ್ನು ಬಿಟ್ಟ ಮೇಲೂ ಅದರ ಅಪರಾಧವನ್ನು ಹೊತ್ತು ತಿರುಗಿರಿ ಎಂದು ಅವರು ಹೇಳುತ್ತಿದ್ದರೆಂದು ನನಗೆ ತೋರುವುದಿಲ್ಲ.

ನಾಲ್ಕನೆಯ ವಾರ, 16 ಸಲ ಮುಗಿದಿತ್ತು. ಮಂಗಳವಾರ ಬೆಳಿಗ್ಗೆ ಅಕ್ಕ ತನ್ನ ಚೀಲ ಕಟ್ಟಿ ಕುಳಿತಿದ್ದಳು.

"ಸಾಕು ತಮ್ಮಾ. ನಾ ಇನ್ನ ಬರಂಗಿಲ್ಲ. ಊರಿಗೆ ಹೋಗೂಣು" ಎಂದಳು. ದನಿಯಲ್ಲಿ ಸಿಟ್ಟಿಲ್ಲ, ಹಟವಿಲ್ಲ. ಲೆಕ್ಕ ಮುಗಿಸಿದವರ ದನಿ ಅದು.

ವಿಕಿರಣವನ್ನು ನಡುವೆ ನಿಲ್ಲಿಸುವುದು ಔಷಧದ ಸೀಸೆಯನ್ನು ಅರ್ಧಕ್ಕೆ ಬಿಟ್ಟಂತಲ್ಲ. ತಲೆ-ಕುತ್ತಿಗೆಯ ಕ್ಯಾನ್ಸರಿನಲ್ಲಿ ನಡುವೆ ಬಿಡುವು ಬಿದ್ದಷ್ಟೂ ಉಳಿದ ರೋಗಕಣಗಳು ಮತ್ತೆ ಚಿಗಿಯಲು ಅವಕಾಶವಾಗುತ್ತದೆ. ಮನಸ್ಸು ಆಯುಷ್ಯವನ್ನು ನೇರವಾಗಿ ಕಡಿಯದಿದ್ದರೂ, ಚಿಕಿತ್ಸೆಯನ್ನು ಕೈಬಿಡಿಸಿ ಕಡಿಸಬಲ್ಲದು. ಅಂದು ವಾರದ ತಪಾಸಣೆಯ ದಿನವಾಗಿತ್ತು. "ಡಾಕ್ಟರಿಗೆ ಹೇಳಿಯೇ ಹೋಗೂಣು" ಎಂದು ಕರೆದುಕೊಂಡು ಹೋದೆ.

ಅಲ್ಲಿ ಇದ್ದಾಕೆ ಚಿಕ್ಕ ವಯಸ್ಸಿನ ವೈದ್ಯೆ. ಬಾಯಿ ನೋಡಿದಳು, ತೂಕ ನೋಡಿದಳು. ಚೀಲವನ್ನೂ ನೋಡಿದಳು. ಧೈರ್ಯದ ಮಾತನ್ನೇ ಎತ್ತಲಿಲ್ಲ. "ಅವ್ವಾರ, ಈ ಎರಡು ವಾರದಾಗ ಯಾವುದರ ಮ್ಯಾಲಾದರೂ ಮನಸ್ಸು ಹೋಗೇತೇನ್ರಿ?" ಎಂದು ಕೇಳಿದಳು. ಅಕ್ಕ ಇಲ್ಲವೆಂದು ತಲೆಯಾಡಿಸಿದಳು. "ಬದುಕೂದ ಬ್ಯಾಡ ಅನಿಸೇತೇನ್ರಿ?" ಎಂದಳು ಆಕೆ, ಹಸಿವೆ ಆಗುತ್ತದೆಯೇ ಎಂದು ಕೇಳುವಷ್ಟೇ ಸಹಜವಾಗಿ. ನನ್ನ ಎದೆ ಧಸಕ್ಕೆಂದಿತು. ಇಂಥ ಪ್ರಶ್ನೆ ಕೇಳಿದರೆ ಇಲ್ಲದ ವಿಚಾರ ತಲೆಗೆ ಬರುತ್ತದೆಂದು ನಾವೆಲ್ಲ ಅಂಜುತ್ತೇವೆ. ಹಾಗೆ ಬರುವುದಿಲ್ಲ, ಇದ್ದ ವಿಚಾರ ಹೊರಗೆ ಬರಲು ದಾರಿಯಾಗುತ್ತದೆ. ಅಕ್ಕ ಬಹಳ ಹೊತ್ತು ಸುಮ್ಮನಿದ್ದು, "ಮುಂಜಾನೆ ಎದ್ದರ ಯಾಕ ಎಚ್ಚರಾತು ಅನಸ್ತೈತಿ" ಎಂದಳು. ಆರು ವಾರಕ್ಕೆ ಅವಳು ಹೇಳಿದ ಮೊದಲ ನಿಜವಾದ ಉತ್ತರ ಅದು. ಯಾಕೆಂದರೆ ಅದು ಮೊದಲ ನಿಜವಾದ ಪ್ರಶ್ನೆಯಾಗಿತ್ತು.

ಆಮೇಲೆ ನಡೆದದ್ದರಲ್ಲಿ ಪವಾಡವೇನೂ ಇಲ್ಲ. ಮೊದಲು ದೇಹದ ಕಾರಣಗಳನ್ನು ಹುಡುಕಿದರು. ನೋವು ತಡೆಯಲಾರದಷ್ಟಿದ್ದರೆ ಯಾರ ಮನಸ್ಸೂ ನೆಟ್ಟಗಿರುವುದಿಲ್ಲ. ನೋವಿನ ಔಷಧವನ್ನು ಹೆಚ್ಚಿಸಿದರು. ರಕ್ತ ಕಡಿಮೆಯಾಗಿದೆಯೇ ಎಂದು ನೋಡಿದರು. ನುಂಗಲು ಬರುವ ಹಾಗೆ ಗಂಜಿ-ಹಾಲುಗಳ ಲೆಕ್ಕ ಹಾಕಿಕೊಟ್ಟರು. ಕುತ್ತಿಗೆಗೆ ವಿಕಿರಣ ಬಿದ್ದವರಲ್ಲಿ ಮುಂದೆ ಥೈರಾಯ್ಡ್ ಗ್ರಂಥಿ ಸೋಲುವುದುಂಟು, ಅದರಿಂದಲೂ ಮನಸ್ಸು ಮಂಕಾಗುತ್ತದೆ, ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು ಎಂದು ಎಚ್ಚರಿಸಿದರು. ಚಿಕಿತ್ಸೆಯಲ್ಲಿ ಕೊಡುವ ಸ್ಟಿರಾಯ್ಡಿನಂಥ ಔಷಧಗಳೂ ಕೆಲವರ ಮನಸ್ಸನ್ನು ಏರುಪೇರು ಮಾಡುತ್ತವಂತೆ. ಆಮೇಲೆ ಮನೋವೈದ್ಯರ ಕಡೆಗೆ ಚೀಟಿ ಬರೆದರು. "ನನಗ ಹುಚ್ಚಂತ ತಿಳಿದಾರೇನು?" ಎಂದು ಅಕ್ಕ ಕೇಳಿದಳು. ವೈದ್ಯೆ ನಕ್ಕು, "ಬಾಯಿ ಹುಣ್ಣಿಗೆ ಔಷಧ ಕೊಟ್ಟೀನಿ, ಇದೂ ಅಷ್ಟ ರೀ" ಎಂದಳು. ಒಂದು ಗುಳಿಗೆ, ವಾರಕ್ಕೊಮ್ಮೆ ಕುಳಿತು ಮಾತು. ಗುಳಿಗೆಯ ಗುಣ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ, ಇದು ಚಟ ಹಿಡಿಸುವ ಮದ್ದಲ್ಲ, ಆದರೆ ಕೇಳದೆ ಒಮ್ಮೆಲೇ ನಿಲ್ಲಿಸಬಾರದು ಎಂದು ಹೇಳಿ ಕಳಿಸಿದರು. ಕ್ಯಾನ್ಸರಿನ ಕೆಲವು ಔಷಧಗಳಿಗೂ ಈ ಗುಳಿಗೆಗಳಲ್ಲಿ ಕೆಲವಕ್ಕೂ ಹೊಂದುವುದಿಲ್ಲ. ಸ್ತನದ ಕ್ಯಾನ್ಸರಿಗೆ ಕೊಡುವ ಟಮಾಕ್ಸಿಫೆನ್ ಅಂಥದು. ಆದ್ದರಿಂದ ಅಂಗಡಿಯಲ್ಲಿ ಕೇಳಿ ತರುವ ಮದ್ದು ಇದಲ್ಲ.

ಬಾಗಲಕೋಟೆಯವರಾದ ನಮಗೆ ಈ ಬೇನೆ ಅರ್ಥವಾಗದಿರಲು ಕಾರಣವಿಲ್ಲ. ನಾವು ಮುಳುಗಡೆಯ ಜನ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟ ಆಣೆಕಟ್ಟಿನ ಹಿನ್ನೀರು ದಶಕಗಳ ನಂತರ ನಮ್ಮ ಓಣಿಗಳಿಗೆ ಬಂತು. ಅದು ಹೊಳೆ ಬಂದಂತೆ ಸದ್ದು ಮಾಡಿ ಬರಲಿಲ್ಲ. ಇಂದು ಒಂದು ಮೆಟ್ಟಿಲು, ನಾಳೆ ಒಂದು ಹೊಸ್ತಿಲು—ಹೀಗೆ ತೆಪ್ಪಗೆ ಏರಿತು. ಆಗ ಯಾರೂ ನಮಗೆ ಬರಿಯ ಧೈರ್ಯ ಹೇಳಿ ಸುಮ್ಮನಿರಲಿಲ್ಲ. 519.60 ಮೀಟರ್ ಎಂದು ನೀರಿನ ಮಟ್ಟವನ್ನು ಅಳೆದರು, ಯಾವ ಮನೆ ಒಳಗೆ, ಯಾವುದು ಹೊರಗೆ ಎಂದು ಎಣಿಸಿದರು, ನವನಗರ ಕಟ್ಟಿದರು. ಹುನಗುಂದದ ಸೀಮೆಯ ಕೂಡಲಸಂಗಮಕ್ಕೆ ನಾರಾಯಣಪುರದ ಹಿನ್ನೀರು ಬಂದಾಗ ಬಸವಣ್ಣನವರ ಐಕ್ಯಮಂಟಪದ ಸುತ್ತ ಬಾವಿಯಂತೆ ಗೋಡೆ ಎಬ್ಬಿಸಿ, ಒಳಗೆ ಇಳಿಯಲು ಮೆಟ್ಟಿಲು ಮಾಡಿದರು. ನೀರನ್ನು ಕಳಿಸಲಾಗಲಿಲ್ಲ; ಮಂಟಪವನ್ನು ಉಳಿಸಿಕೊಂಡರು.

ಮನಸ್ಸಿನ ನೀರನ್ನೂ ಅಳೆಯಲು ಬರುತ್ತದೆ. ಜಿಮಿ ಹಾಲಂಡ್ ಮತ್ತು ಅವರ ಜೊತೆಯವರು 1990ರ ದಶಕದ ಕೊನೆಗೆ ಬಳಕೆಗೆ ತಂದ ಒಂದು ಉಪಾಯವಿದೆ. ಕಾಗದದ ಮೇಲೆ ಜ್ವರ ಅಳೆಯುವ ನಳಿಗೆಯ ಚಿತ್ರ. ಅದರ ಮೇಲೆ ಸೊನ್ನೆಯಿಂದ 10ರವರೆಗೆ ಅಂಕಿ. ಈ ವಾರ ನಿಮ್ಮ ಸಂಕಟ ಎಷ್ಟರಲ್ಲಿದೆ ಎಂದು ರೋಗಿಯೇ ಗುರುತು ಹಾಕಬೇಕು. 4 ಅಥವಾ ಅದಕ್ಕೆ ಮೇಲಾದರೆ ಮುಂದಿನ ವಿಚಾರಣೆ. ಹುಚ್ಚು, ಮನೋರೋಗ ಎಂಬ ಮಾತುಗಳಿಗೆ ಜನ ಹೆದರುತ್ತಾರೆಂದು ತಿಳಿದೇ ಸಂಕಟ ಎಂಬಂಥ ಸಾದಾ ಶಬ್ದವನ್ನು ಅವರು ಆರಿಸಿಕೊಂಡರು. ಒಂದು ಕಾಗದ, ಒಂದು ಪೆನ್ಸಿಲು. ಇದಕ್ಕಿಂತ ಅಗ್ಗದ ಯಂತ್ರ ಕ್ಯಾನ್ಸರಿನ ಆಸ್ಪತ್ರೆಯಲ್ಲಿ ಇನ್ನೊಂದಿರಲಾರದು.

ಬೆಂಗಳೂರಿನಲ್ಲಿ 1973ರಲ್ಲಿ ಕಿದ್ವಾಯಿ ಸ್ಮಾರಕ ಆಸ್ಪತ್ರೆ ಆಯಿತು; ಅದರ ಮರುವರ್ಷವೇ ನಿಮ್ಹಾನ್ಸ್ ರೂಪುಗೊಂಡಿತು. ಒಂದು ಕ್ಯಾನ್ಸರಿಗೆ, ಒಂದು ಮನಸ್ಸಿಗೆ. ಎರಡೂ ನೆರೆಹೊರೆಯ ಸಂಸ್ಥೆಗಳು. ಇಟ್ಟಿಗೆ-ಸುಣ್ಣದಲ್ಲಿ ಇಷ್ಟು ಹತ್ತಿರವಿದ್ದದ್ದು ನಮ್ಮ ಜನರ ಕಲ್ಪನೆಯಲ್ಲಿ ಇನ್ನೂ ದೂರ ದೂರವೇ ಉಳಿದಿದೆ. ಕ್ಯಾನ್ಸರಿಗೆ ಹೊಲ ಮಾರಿ ಬೆಂಗಳೂರಿಗೆ ಹೋಗಿಬಂದವರು, ಮನಸ್ಸಿಗೆ ಪಕ್ಕದ ಕೋಣೆಗೂ ಹೋಗಲು ನಾಚುತ್ತಾರೆ. ಹಾಗೆ ದೂರ ಹೋಗುವ ಕಾರಣವೂ ಈಗಿಲ್ಲ. ನಿಮ್ಹಾನ್ಸಿನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ವೈದ್ಯರಿಗೆ ತರಬೇತಿ ಕೊಟ್ಟು, ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಮನಸ್ಸಿನ ಬೇನೆಗೆ ಔಷಧ ಸಿಗುವಂತೆ ಮಾಡಿ ತೋರಿಸಿದರು. ಆ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 2022ರ ಅಕ್ಟೋಬರಿನಿಂದ 14416 ಎಂಬ ದೂರವಾಣಿಯೂ ಇದೆ. ಟೆಲಿ ಮಾನಸ್ ಎಂದು ಅದರ ಹೆಸರು. ದಿನದ ಯಾವ ಹೊತ್ತಿನಲ್ಲಾದರೂ ದುಡ್ಡಿಲ್ಲದೆ ಕನ್ನಡದಲ್ಲಿಯೇ ಮಾತಾಡಬಹುದು. ರಾತ್ರಿ ಮೂರಕ್ಕೆ ಗೋಡೆ ನೋಡುತ್ತ ಕೂಡುವವರಿಗೆ ಇದು ಸಣ್ಣ ಅನುಕೂಲವಲ್ಲ.

ಅಕ್ಕ 30 ಸಲವನ್ನೂ ಮುಗಿಸಿದಳು. ಉಳಿದ ದಿನಗಳಲ್ಲಿ ಒಮ್ಮೆಯೂ ಉತ್ಸಾಹದಿಂದ ಹೋಗಲಿಲ್ಲ, ಹೋದಳು, ಅಷ್ಟೆ. ಅಷ್ಟು ಸಾಕಾಗಿತ್ತು. ನೋವು ತಗ್ಗಿದ ಮೇಲೆ ಮೊದಲು ನಿದ್ರೆ ಬಂತು. ಆಮೇಲೆ ಎಷ್ಟೋ ದಿನಕ್ಕೆ ಅಳು ಬಂತು. ಒಂದು ಮಧ್ಯಾಹ್ನವಿಡೀ ಅತ್ತಳು. ಹೆದರಬೇಡಿರಿ, ಇದು ಒಳ್ಳೆಯದೇ ಎಂದರು ಮನೋವೈದ್ಯರು. ಅವರು ಹೇಳಿದಷ್ಟು ತಿಂಗಳು ಗುಳಿಗೆಯನ್ನು ಬಿಡದೆ ನುಂಗಿದಳು. ಬಾಯಿ ಇಂದಿಗೂ ಒಣಗುತ್ತದೆ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಯೇ ತಿನ್ನಬೇಕು. ತಪಾಸಣೆಯ ದಿನ ಹತ್ತಿರ ಬಂದರೆ ಎರಡು ರಾತ್ರಿ ನಿದ್ರೆ ಕೆಡುತ್ತದೆ. ಅದು ಭಯ, ಖಿನ್ನತೆಯಲ್ಲ ಎಂದು ಈಗ ಅವಳೇ ಬಿಡಿಸಿ ಹೇಳುತ್ತಾಳೆ.

ಕಳೆದ ತಿಂಗಳು ಇಳಕಲ್ಲಿಗೆ ಹೋಗಿದ್ದೆ. ಹೊರಗಿನ ಕಟ್ಟೆಯ ಮೇಲೆ ಚಪ್ಪಲಿ ಬಿಡುವಾಗಲೇ ಒಳಗಿನಿಂದ ದನಿ ಕೇಳಿತು. ಮಗ ಸೆರಗಿಗೆಂದು ತಂದ ಕೆಂಪು ನೂಲು ಅಕ್ಕನ ಮನಸ್ಸಿಗೆ ಬಂದಿರಲಿಲ್ಲ. "ಇದು ಕೆಂಪೇನೋ? ಕಣ್ಣು ಎಲ್ಲಿಟ್ಟು ಬಂದಿದ್ದಿ? ಹೋಗು, ಹೊಳ್ಳಿ ಕೊಟ್ಟು ಬಾ" ಎಂದು ಬೈಯುತ್ತಿದ್ದಳು. ಮಗ ತಲೆ ತಗ್ಗಿಸಿಕೊಂಡು ನೂಲಿನ ಗಂಟು ಹಿಡಿದು ನನ್ನ ಪಕ್ಕದಿಂದಲೇ ಹೊರಗೆ ಹೋದ. ಮುಖ ಬಾಡಿಸಿಕೊಂಡವನಂತೆ ಕಂಡರೂ ತುಟಿಯಲ್ಲಿ ನಗೆ ಇತ್ತು.